ಬಟನ್ ಒತ್ತಿದರೂ ಏನೂ ತೆರೆಯುತ್ತಿಲ್ಲವೇ? ಪಾಪ್‌ಅಪ್ ಬ್ಲಾಕರ್ ಸರಿಮಾಡಿಕೊಳ್ಳುವ ಬಗೆ

ಒಂದು ದಿನ ರಾತ್ರಿ ಹತ್ತೂವರೆಗೆ ನಮ್ಮ ಸೋದರಮಾವನ ಫೋನ್ ಬಂತು. "ಲೋ, ರಸೀದಿ ಬಟನ್ ಒತ್ತಿದ್ರೆ ಏನೂ ಆಗ್ತಿಲ್ಲ ಕಣೋ. ಹತ್ತು ಸಲ ಒತ್ತಿದೆ. ನೆಟ್ ಸರಿಯಾಗೇ ಇದೆ, ಯೂಟ್ಯೂಬ್ ಓಡ್ತಿದೆ." ಮಗಳ ಕಾಲೇಜು ಫೀಸು ಕಟ್ಟಿದ್ದರು. ದುಡ್ಡು ಹೋದ ಮೆಸೇಜೂ ಬಂದಿತ್ತು. ಬೆಳಿಗ್ಗೆ ರಸೀದಿ ತೋರಿಸಬೇಕು, ಆದರೆ ಅದೇ ಬರುತ್ತಿಲ್ಲ.

"ಮಾವ, ಮೇಲೆ ಅಡ್ರೆಸ್ ಬಾರ್ ಇದೆಯಲ್ಲ, ಅದರ ಬಲತುದಿಯಲ್ಲಿ ಏನಾದ್ರೂ ಸಣ್ಣ ಚಿತ್ರ ಕಾಣ್ತಿದೆಯಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸದ್ದಿಲ್ಲ. "ಹೂಂ, ಚಿಕ್ಕ ಕಿಟಕಿ ತರ ಇದೆ. ಇದು ಆಗಿಂದ ಇತ್ತಾ?"

ಆಗಿಂದ ಇತ್ತು. ಮುಕ್ಕಾಲು ಗಂಟೆಯಿಂದ ಅಲ್ಲೇ ಕೂತಿತ್ತು. ತಾನಾಗಿ ತೆರೆಯುವ ಕಿಟಕಿಗಳನ್ನು ತಡೆಯಲು ಬ್ರೌಸರ್‌ನಲ್ಲೇ ಇರುವ ಪಾಪ್‌ಅಪ್ ಬ್ಲಾಕರ್‌ನ ದೊಡ್ಡ ತೊಂದರೆಯೇ ಇದು. ತಡೆದದ್ದನ್ನು ಗಟ್ಟಿಯಾಗಿ ಹೇಳುವುದಿಲ್ಲ, ಮೂಲೆಯಲ್ಲಿ ಒಂದು ಚಿತ್ರ ಇಟ್ಟು ಸುಮ್ಮನಾಗುತ್ತದೆ. ನಾವು ನೆಟ್ ಬೈಯುತ್ತೇವೆ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡುತ್ತೇವೆ.

ಬ್ಲಾಕರ್ ನೋಡುವುದು ಏನನ್ನು?

ನೀವು ಕರೆಯದೆ ತಾನಾಗಿ ತೆರೆದುಕೊಳ್ಳುವ ಹೊಸ ಕಿಟಕಿ ಅಥವಾ ಟ್ಯಾಬ್‌ಗೆ ಪಾಪ್‌ಅಪ್ ಅನ್ನುತ್ತೇವೆ. ಇದನ್ನು ಮೊದಲು ಜಾಹೀರಾತಿಗೆ ಬಳಸಿದವರಲ್ಲಿ ಅಮೆರಿಕದ ಈಥನ್ ಝುಕರ್‌ಮನ್ ಒಬ್ಬರು. 1990ರ ದಶಕದಲ್ಲಿ ಟ್ರೈಪಾಡ್ ಎಂಬ ಕಂಪನಿಯಲ್ಲಿದ್ದಾಗ ಅದರ ಕೋಡ್ ಬರೆದವರು ಅವರೇ. ಒಂದು ಕಾರು ಕಂಪನಿಯ ಜಾಹೀರಾತು ಅಶ್ಲೀಲ ಪುಟದ ಮೇಲೆ ಬಂದು ರಗಳೆಯಾಯಿತು. ಪುಟ ಬೇರೆ, ಜಾಹೀರಾತು ಬೇರೆ ಅಂತ ತೋರಿಸಲು ಜಾಹೀರಾತನ್ನೇ ಪ್ರತ್ಯೇಕ ಕಿಟಕಿಗೆ ಹಾಕಿದರು. 2014ರಲ್ಲಿ ಆ ಮನುಷ್ಯ ಇದಕ್ಕಾಗಿ ಕ್ಷಮೆಯನ್ನೂ ಕೇಳಿದ್ದಾರೆ. ಆದರೆ ಅಷ್ಟರಲ್ಲಿ ಆಗಬೇಕಾದ್ದೆಲ್ಲ ಆಗಿಹೋಗಿತ್ತು. ಒಂದು ಪುಟ ತೆರೆದರೆ ಹತ್ತು ಕಿಟಕಿ ಮೈಮೇಲೆ ಬೀಳುತ್ತಿದ್ದ ಕಾಲ ಕಂಡವರಿಗೆ ಇದು ಗೊತ್ತು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಜೊತೆ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗೂ ಬ್ಲಾಕರ್ ಬಂತು. ಈಗ ಎಲ್ಲ ಬ್ರೌಸರ್‌ಗಳಲ್ಲೂ ಅದು ಮೊದಲಿನಿಂದಲೇ ಆನ್ ಆಗಿರುತ್ತದೆ.

ಹೊಸ ಕಿಟಕಿ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಬ್ಲಾಕರ್‌ಗೆ ತಿಳಿಯುವುದಿಲ್ಲ. ಅದು ಮುಖ್ಯವಾಗಿ ನೋಡುವುದು ಒಂದನ್ನೇ: ನೀವು ಈಗಷ್ಟೇ ಕ್ಲಿಕ್ ಮಾಡಿದ್ದೀರಾ? ಮಾಡಿದ್ದರೆ ಬಿಡುತ್ತದೆ, ಇಲ್ಲದಿದ್ದರೆ ತಡೆಯುತ್ತದೆ. ಆ ಕ್ಲಿಕ್‌ಗೂ ಆಯಸ್ಸು ಕಡಿಮೆ, ಕೆಲವೇ ಸೆಕೆಂಡು. ಮಾವ ಬಟನ್ ಒತ್ತಿದಾಗ ಆದದ್ದು ಇಷ್ಟೇ. ಪುಟ ಸರ್ವರ್‌ಗೆ, ಅಂದರೆ ಸೈಟ್ ನಡೆಸುವ ದೂರದ ಕಂಪ್ಯೂಟರಿಗೆ, "ರಸೀದಿ ಕೊಡು" ಅಂತ ಕೇಳಿತು. ಸರ್ವರ್ ನಿಧಾನವಾಗಿ ಎದ್ದು ಉತ್ತರ ಕೊಡುವ ಹೊತ್ತಿಗೆ ಕ್ಲಿಕ್‌ನ ಅವಧಿ ಮುಗಿದಿತ್ತು. ಆಮೇಲೆ ಕಿಟಕಿ ತೆರೆಯಲು ಹೋದರೆ ಬ್ರೌಸರ್ ಬಾಗಿಲು ಹಾಕಿತು. ಹಗಲು ಬಂದ ಪುಟ ಕೊನೆಯ ದಿನದ ನೂಕುನುಗ್ಗಲಲ್ಲಿ ಬಾರದೆ ಇರುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ವಿಚಾರವನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಸಾಮಾನ್ಯವಾಗಿ ಒಂದು ಕ್ಲಿಕ್‌ಗೆ ಒಂದೇ ಕಿಟಕಿ. ಅರ್ಜಿ ಮತ್ತು ರಸೀದಿ ಎರಡನ್ನೂ ಒಂದೇ ಬಟನ್‌ನಲ್ಲಿ ತೆರೆಯುವ ಸೈಟ್ ಇದ್ದರೆ ಮೊದಲನೆಯದು ಬರುತ್ತದೆ, ಎರಡನೆಯದು ತಡೆಯಲ್ಲಿ ಸಿಗುತ್ತದೆ. ಅರ್ಧ ಬಂದು ಅರ್ಧ ನಿಂತರೆ ಮೊದಲ ಅನುಮಾನ ಬ್ಲಾಕರ್ ಮೇಲೆ ಇರಲಿ.

ಮೊದಲು ಇಷ್ಟು ಮಾಡಿ ನೋಡಿ

ಸೆಟ್ಟಿಂಗ್ಸ್ ಒಳಗೆ ಹೋಗುವ ಮುಂಚೆ ಅಡ್ರೆಸ್ ಬಾರ್ ನೋಡಿ. ಮುಕ್ಕಾಲು ಪಾಲು ಸಮಸ್ಯೆ ಅಲ್ಲೇ ಮುಗಿಯುತ್ತದೆ. ಕ್ರೋಮ್‌ನಲ್ಲಿ ಹೀಗೆ:

1. ಬಟನ್ ಒತ್ತಿ. ಏನೂ ಆಗದಿದ್ದರೆ ಮತ್ತೆ ಮತ್ತೆ ಒತ್ತಬೇಡಿ. ಅಡ್ರೆಸ್ ಬಾರ್‌ನ ಬಲತುದಿಯಲ್ಲಿ ಕಿಟಕಿಯ ಸಣ್ಣ ಚಿತ್ರ ಬಂದಿದೆಯಾ ನೋಡಿ.
2. ಚಿತ್ರದ ಮೇಲೆ ಕ್ಲಿಕ್ ಮಾಡಿ. ಒಂದು ಪುಟ್ಟ ಪೆಟ್ಟಿಗೆ ಬರುತ್ತದೆ. ತಡೆದ ಪುಟದ ವಿಳಾಸ ಅದರಲ್ಲಿ ಲಿಂಕ್ ಆಗಿ ಇರುತ್ತದೆ.
3. ಈ ಒಂದು ಸಲಕ್ಕೆ ಸಾಕು ಅನ್ನುವುದಾದರೆ ಆ ಲಿಂಕನ್ನೇ ಒತ್ತಿ. ಪುಟ ತೆರೆಯುತ್ತದೆ, ಸೆಟ್ಟಿಂಗ್ ಏನೂ ಬದಲಾಗುವುದಿಲ್ಲ.
4. ಆ ಸೈಟ್ ಪದೇ ಪದೇ ಬೇಕಾಗುವುದಾದರೆ "ಆಲ್ವೇಸ್ ಅಲೋ" ಅಂತ ಶುರುವಾಗುವ ಆಯ್ಕೆ ಆರಿಸಿ, "ಡನ್" ಒತ್ತಿ. ಆಮೇಲೆ ಬಟನ್ ಇನ್ನೊಮ್ಮೆ ಒತ್ತಿ.

ಒಂದು ಎಚ್ಚರಿಕೆ. ದುಡ್ಡು ಕಟ್ಟುವ ನಡುವೆ ಹೀಗಾದರೆ ಪುಟವನ್ನು ರಿಫ್ರೆಶ್ ಮಾಡಬೇಡಿ. ಕೆಲವು ಸೈಟ್‌ಗಳಲ್ಲಿ ಎರಡನೇ ಸಲ ದುಡ್ಡು ಕಟ್‌ ಆಗಿಬಿಡಬಹುದು. ಮೊದಲು ಮೂರನೇ ಹಂತದ ಲಿಂಕ್ ಪ್ರಯತ್ನಿಸಿ. ಆಗಲಿಲ್ಲವೆಂದರೆ ಬ್ಯಾಂಕಿನ ಮೆಸೇಜ್ ಬಂದಿದೆಯಾ, ಖಾತೆಯಿಂದ ಹೋಗಿದೆಯಾ ನೋಡಿ, ಆಮೇಲೆ ಮುಂದಿನ ಮಾತು.

ಕ್ರೋಮ್: ಪೂರ್ತಿ ಸೆಟ್ಟಿಂಗ್

ಕಂಪ್ಯೂಟರಿನಲ್ಲಿ ಬಲಮೇಲಿನ ಮೂರು ಚುಕ್ಕಿ ಒತ್ತಿ "ಸೆಟ್ಟಿಂಗ್ಸ್"ಗೆ ಹೋಗಿ. ಎಡಗಡೆ "ಪ್ರೈವಸಿ ಅಂಡ್ ಸೆಕ್ಯುರಿಟಿ" ಇರುತ್ತದೆ. ಅದರೊಳಗೆ "ಸೈಟ್ ಸೆಟ್ಟಿಂಗ್ಸ್", ಅದರೊಳಗೆ ಸ್ವಲ್ಪ ಕೆಳಗೆ "ಪಾಪ್-ಅಪ್ಸ್ ಅಂಡ್ ರೀಡೈರೆಕ್ಟ್ಸ್". ದಾರಿ ತಪ್ಪಿದರೆ ಸೆಟ್ಟಿಂಗ್ಸ್ ಪುಟದ ಮೇಲೇ ಹುಡುಕುವ ಪೆಟ್ಟಿಗೆ ಇದೆ. ಅಲ್ಲಿ ಪಾಪ್‌ಅಪ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿದರೂ ಸಿಗುತ್ತದೆ. ಕ್ರೋಮ್ ಅನ್ನು ಕನ್ನಡದಲ್ಲೇ ಇಟ್ಟುಕೊಂಡವರಿಗೆ ಈ ಹೆಸರುಗಳು ಕನ್ನಡದಲ್ಲಿ ಕಾಣುತ್ತವೆ, ದಾರಿ ಮಾತ್ರ ಇದೇ.

ಆ ಪುಟದಲ್ಲಿ ಮೊದಲು ಎರಡು ಆಯ್ಕೆ ಕಾಣುತ್ತವೆ. ಒಂದು ಎಲ್ಲ ಸೈಟ್‌ಗಳಿಗೂ ಬಿಡು ಅನ್ನುವುದು, ಇನ್ನೊಂದು ಬಿಡಬೇಡ ಅನ್ನುವುದು. "ನಿಮ್ಮ ಪಾಪ್‌ಅಪ್ ಬ್ಲಾಕರ್ ಆಫ್ ಮಾಡಿ" ಅಂತ ಎಷ್ಟೋ ಸೈಟ್‌ಗಳು ದೊಡ್ಡ ಅಕ್ಷರದಲ್ಲಿ ಬರೆದಿರುತ್ತವೆ. ನನ್ನ ಪ್ರಕಾರ ಅದು ಸೋಮಾರಿತನದ ಸಲಹೆ. ನೆಂಟರೊಬ್ಬರು ಬರುತ್ತಾರೆ ಅಂತ ಯಾರಾದರೂ ಮನೆಯ ಬಾಗಿಲನ್ನೇ ಕಳಚಿ ಇಡುತ್ತಾರಾ? "ಬಿಡಬೇಡ" ಅನ್ನುವುದು ಹಾಗೇ ಇರಲಿ. ಕೆಳಗೆ ಎರಡು ಪಟ್ಟಿಗಳಿವೆ: ತಡೆಯಬೇಕಾದ ಸೈಟ್‌ಗಳದ್ದು, ಬಿಡಬೇಕಾದ ಸೈಟ್‌ಗಳದ್ದು. ಬಿಡಬೇಕಾದ ಪಟ್ಟಿಯ ಪಕ್ಕದ "ಆಡ್" ಒತ್ತಿ, ಸೈಟಿನ ವಿಳಾಸ ಹಾಕಿ.

ಇಲ್ಲಿ ತುಂಬಾ ಜನ ಎಡವುತ್ತಾರೆ. ಯಾವ ಸೈಟಿನ ವಿಳಾಸ ಹಾಕಬೇಕು? ಕಾಲೇಜಿನ ಪುಟದಿಂದ ಬ್ಯಾಂಕಿನ ಕಿಟಕಿ ತೆರೆಯಬೇಕು ಅಂತಿಟ್ಟುಕೊಳ್ಳಿ. ಬರಬೇಕಾದ್ದು ಬ್ಯಾಂಕು, ಹಾಗಾಗಿ ಬ್ಯಾಂಕಿನ ವಿಳಾಸ ಹಾಕಿಬಿಡುತ್ತಾರೆ. ಕೆಲಸ ಆಗುವುದಿಲ್ಲ. ಬ್ರೌಸರ್ ಕೇಳುವುದು "ಕಿಟಕಿ ತೆರೆಯುತ್ತಿರುವವರು ಯಾರು" ಅಂತ. ಬಟನ್ ಯಾವ ಪುಟದಲ್ಲಿದೆಯೋ ಆ ಸೈಟನ್ನು ಸೇರಿಸಬೇಕು, ಅಂದರೆ ಕಾಲೇಜಿನದ್ದು.

ದೊಡ್ಡ ಸಂಸ್ಥೆಗಳ ಸೈಟ್‌ಗಳಲ್ಲಿ ಲಾಗಿನ್‌ಗೆ ಒಂದು ವಿಳಾಸ, ಫೀಸಿಗೆ ಒಂದು, ಫಲಿತಾಂಶಕ್ಕೆ ಇನ್ನೊಂದು ಇರುತ್ತದೆ. ಮೂಲ ಹೆಸರು ಒಂದೇ, ಮುಂದಿನ ತುಂಡು ಬೇರೆ. ಒಂದೊಂದನ್ನೂ ಸೇರಿಸುವ ಬದಲು ಮೂಲ ಹೆಸರಿನ ಮುಂದೆ [*.] ಅಂತ ಹಾಕಿ. ಚೌಕ ಬ್ರಾಕೆಟ್, ಒಳಗೆ ನಕ್ಷತ್ರ ಮತ್ತು ಚುಕ್ಕಿ. ಆ ಹೆಸರಿನ ಕೆಳಗೆ ಬರುವ ಎಲ್ಲಕ್ಕೂ ಒಂದೇ ಸಲ ಅನುಮತಿ ಸಿಗುತ್ತದೆ.

ಉಳಿದ ಬ್ರೌಸರ್‌ಗಳು

ಎಡ್ಜ್ ಕ್ರೋಮ್‌ನ ತಮ್ಮನಿದ್ದ ಹಾಗೆ. ತಡೆದಾಗ ಚಿತ್ರ ಬರುವುದೂ ಅಡ್ರೆಸ್ ಬಾರ್‌ನಲ್ಲೇ. ಸೆಟ್ಟಿಂಗ್ಸ್‌ನಲ್ಲಿ ಸೈಟ್‌ಗಳ ಅನುಮತಿಗೆ ಸಂಬಂಧಿಸಿದ ಭಾಗದೊಳಗೆ ಇದೇ ಹೆಸರಿನ ಸಾಲು ಇರುತ್ತದೆ. ಎಡ್ಜ್‌ನವರು ಮೆನುವಿನ ಜಾಗ ಆಗಾಗ ಬದಲಿಸುತ್ತಾರೆ, ಅದಕ್ಕೆ ಹುಡುಕುವ ಪೆಟ್ಟಿಗೆಯೇ ಒಳ್ಳೆಯದು.

ಫೈರ್‌ಫಾಕ್ಸ್‌ನಲ್ಲಿ ಪುಟದ ಮೇಲ್ಭಾಗದಲ್ಲಿ ಒಂದು ಪಟ್ಟಿ ಬಂದು ಪಾಪ್‌ಅಪ್ ತಡೆದೆ ಅನ್ನುತ್ತದೆ. ಅದರಲ್ಲಿನ ಬಟನ್ ಒತ್ತಿದರೆ ಸೈಟಿಗೆ ಅನುಮತಿ ಕೊಡಬಹುದು, ಅಥವಾ ತಡೆದ ಪುಟವನ್ನಷ್ಟೇ ತೋರಿಸಿಕೊಳ್ಳಬಹುದು. ಅದೇ ಮೆನುವಿನಲ್ಲಿ "ಈ ಸೂಚನೆ ಇನ್ನು ತೋರಿಸಬೇಡ" ಎಂಬ ಅರ್ಥದ ಸಾಲೂ ಇದೆ. ಕೈತಪ್ಪಿ ಅದನ್ನು ಒತ್ತಿದರೆ ಆಮೇಲೆ ಆ ಪಟ್ಟಿ ಬರುವುದೇ ಇಲ್ಲ, ಏನು ತಡೆಯಿತು ಅಂತ ತಿಳಿಯುವುದು ಕಷ್ಟ. ಅದರ ತಂಟೆಗೆ ಹೋಗಬೇಡಿ. ಪೂರ್ತಿ ಸೆಟ್ಟಿಂಗ್ ಬೇಕಾದರೆ "ಪ್ರೈವಸಿ ಅಂಡ್ ಸೆಕ್ಯುರಿಟಿ"ಯಲ್ಲಿ "ಪರ್ಮಿಷನ್ಸ್" ಭಾಗಕ್ಕೆ ಹೋಗಿ. ಪಾಪ್‌ಅಪ್ ತಡೆಯುವ ಸಾಲಿನ ಪಕ್ಕದ "ಎಕ್ಸೆಪ್ಷನ್ಸ್"ನಲ್ಲಿ ವಿಳಾಸ ಬರೆದು "ಅಲೋ" ಒತ್ತಿ. ಕೊನೆಗೆ "ಸೇವ್ ಚೇಂಜಸ್" ಒತ್ತಲು ಮರೆಯಬೇಡಿ. ಮರೆತರೆ ಮಾಡಿದ್ದೆಲ್ಲ ನೀರಿಗೆ ಹೋದ ಹಾಗೆ.

ಮ್ಯಾಕ್‌ನ ಸಫಾರಿಯಲ್ಲಿ ಬೇಕಾದ ಸೈಟನ್ನು ಮೊದಲು ತೆರೆದಿಡಿ. ಆಮೇಲೆ ಸಫಾರಿ ಮೆನು, ಸೆಟ್ಟಿಂಗ್ಸ್, "ವೆಬ್‌ಸೈಟ್ಸ್". ಎಡಪಟ್ಟಿಯ ಕೆಳಭಾಗದಲ್ಲಿ "ಪಾಪ್-ಅಪ್ ವಿಂಡೋಸ್" ಇದೆ. ತೆರೆದಿರುವ ಸೈಟ್ ಬಲಗಡೆ ಕಾಣುತ್ತದೆ, ಪಕ್ಕದಲ್ಲಿ ಮೂರು ಆಯ್ಕೆ: ಬಿಡು, ಸುಮ್ಮನೆ ತಡೆ, ತಡೆದು ತಿಳಿಸು. ಕೆಳಗೆ ಉಳಿದ ಎಲ್ಲ ಸೈಟ್‌ಗಳಿಗೂ ಅನ್ವಯಿಸುವ ಆಯ್ಕೆ ಇದೆ. ಅದನ್ನು "ಬ್ಲಾಕ್ ಅಂಡ್ ನೋಟಿಫೈ"ಗೆ ಇಟ್ಟುಕೊಳ್ಳಿ. ಸುಮ್ಮನೆ "ಬ್ಲಾಕ್" ಇದ್ದರೆ ಸಫಾರಿ ತಡೆದ ಸುಳಿವನ್ನೇ ಕೊಡುವುದಿಲ್ಲ.

ಫೋನಿನಲ್ಲಿ

ಆಂಡ್ರಾಯ್ಡ್ ಕ್ರೋಮ್‌ನಲ್ಲಿ ತಡೆದಾಗ ಪರದೆಯ ಮೇಲೆ ಒಂದು ಸಣ್ಣ ಸೂಚನೆ ಬರುತ್ತದೆ, "ಆಲ್ವೇಸ್ ಶೋ" ಎಂಬ ಬಟನ್ ಜೊತೆ. ನಂಬಿಕೆಯ ಸೈಟ್ ಆದರೆ ಒತ್ತಿ. ಅದು ಬೇಗ ಮಾಯವಾಗುತ್ತದೆ, ಕಣ್ಣಿಟ್ಟಿರಿ. ಮುಖ್ಯ ಸ್ವಿಚ್ ಇರುವುದು ಮೂರು ಚುಕ್ಕಿ, ಸೆಟ್ಟಿಂಗ್ಸ್, ಸೈಟ್ ಸೆಟ್ಟಿಂಗ್ಸ್ ದಾರಿಯಲ್ಲಿ. ಸ್ಯಾಮ್‌ಸಂಗ್ ಫೋನಿನ ಸ್ವಂತ ಬ್ರೌಸರ್‌ನಲ್ಲೂ ಅದರ ಸೆಟ್ಟಿಂಗ್ಸ್ ಒಳಗೆ "ಬ್ಲಾಕ್ ಪಾಪ್-ಅಪ್ಸ್" ಎಂಬ ಸ್ವಿಚ್ ಇದೆ.

ಐಫೋನ್‌ನಲ್ಲಿ ಸಫಾರಿಯ ಸ್ವಿಚ್ ಸಫಾರಿಯೊಳಗೆ ಇರುವುದಿಲ್ಲ. ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ "ಆ್ಯಪ್ಸ್", ಅದರಲ್ಲಿ "ಸಫಾರಿ", ಅದರಲ್ಲಿ "ಬ್ಲಾಕ್ ಪಾಪ್-ಅಪ್ಸ್". ಐಒಎಸ್ 17 ಅಥವಾ ಹಳೆಯದಾದರೆ ಸೆಟ್ಟಿಂಗ್ಸ್‌ನಲ್ಲಿ ನೇರವಾಗಿ ಸಫಾರಿ ಕಾಣುತ್ತದೆ. ಬೇಜಾರಿನ ಸಂಗತಿ ಅಂದರೆ ಇಲ್ಲಿ ಒಂದೊಂದು ಸೈಟಿಗೂ ಬೇರೆ ಬೇರೆ ಅನುಮತಿಯ ಪಟ್ಟಿ ಇಲ್ಲ. ಆಫ್ ಮಾಡಿ, ಕೆಲಸ ಮುಗಿಸಿ, ತಕ್ಷಣ ಆನ್ ಮಾಡಿ. ಐಫೋನ್‌ನಲ್ಲಿ ಕ್ರೋಮ್ ಬಳಸುವವರಿಗೆ ಅದು ಕ್ರೋಮ್‌ನ ಸೆಟ್ಟಿಂಗ್ಸ್‌ನಲ್ಲಿ "ಕಂಟೆಂಟ್ ಸೆಟ್ಟಿಂಗ್ಸ್" ಒಳಗೆ ಸಿಗುತ್ತದೆ.

ಅನುಮತಿ ಕೊಟ್ಟರೂ ಬರುತ್ತಿಲ್ಲ

ಹಾಗಾದರೆ ತಡೆಯುತ್ತಿರುವವರು ಬೇರೆ ಯಾರೋ. ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ನಾವಾಗಿ ಸೇರಿಸಿಕೊಳ್ಳುವ ಸಣ್ಣ ಪ್ರೋಗ್ರಾಮ್) ಹಾಕಿಕೊಂಡಿದ್ದೀರಾ? ಬ್ರೌಸರ್ ಬಿಟ್ಟರೂ ಅದು ಬಿಡದಿರಬಹುದು. ಪರೀಕ್ಷಿಸಲು ಸುಲಭದ ದಾರಿ ಇನ್‌ಕಾಗ್ನಿಟೋ ಕಿಟಕಿ, ಅಂದರೆ ಕ್ರೋಮ್‌ನ ಖಾಸಗಿ ಕಿಟಕಿ. ನೀವಾಗಿ ಅನುಮತಿ ಕೊಟ್ಟಿರದಿದ್ದರೆ ಎಕ್ಸ್‌ಟೆನ್ಷನ್‌ಗಳು ಅಲ್ಲಿ ಕೆಲಸ ಮಾಡುವುದಿಲ್ಲ. ಅಲ್ಲಿ ಪುಟ ಬಂದರೆ ಕಳ್ಳ ಸಿಕ್ಕ ಹಾಗೆ. ಎಕ್ಸ್‌ಟೆನ್ಷನ್ ತೆಗೆದುಹಾಕಬೇಕಿಲ್ಲ, ಆ ಸೈಟಿಗೆ ಮಾತ್ರ ಅದನ್ನು ನಿಲ್ಲಿಸುವ ಸ್ವಿಚ್ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.

ಆಫೀಸಿನ ಲ್ಯಾಪ್‌ಟಾಪ್ ಆದರೆ ಕ್ರೋಮ್ ಮೆನುವಿನ ಕೊನೆಯಲ್ಲಿ, ನಿಮ್ಮ ಸಂಸ್ಥೆ ಇದನ್ನು ನೋಡಿಕೊಳ್ಳುತ್ತಿದೆ ಎಂಬ ಸಾಲು ಇದೆಯಾ ನೋಡಿ. ಇದ್ದರೆ ಸೆಟ್ಟಿಂಗ್ ನಿಮ್ಮ ಕೈಯಲ್ಲಿ ಇಲ್ಲದಿರಬಹುದು. ಐಟಿ ವಿಭಾಗದವರನ್ನು ಕೇಳದೆ ಬೇರೆ ದಾರಿಯಿಲ್ಲ.

ಇನ್ನೊಂದು ಸಾಧ್ಯತೆ ತಮಾಷೆಯದ್ದು. ಪುಟ ಬಂದೇ ಇರುತ್ತದೆ, ನಮಗೆ ಕಂಡಿರುವುದಿಲ್ಲ. ಹಿಂದಿನ ಕಿಟಕಿಯ ಹಿಂದೆ ಅಡಗಿರುತ್ತದೆ, ಅಥವಾ ಪಿಡಿಎಫ್ ಆಗಿ ಡೌನ್‌ಲೋಡ್ಸ್ ಫೋಲ್ಡರ್‌ಗೆ ಇಳಿದಿರುತ್ತದೆ. ಹತ್ತು ಸಲ ಒತ್ತಿದವರ ಫೋಲ್ಡರ್‌ನಲ್ಲಿ ಹತ್ತು ರಸೀದಿ ಕೂತಿರುವುದನ್ನು ನಾನೇ ನೋಡಿದ್ದೇನೆ.

ಬ್ಲಾಕರ್ ಆನ್ ಇದ್ದರೂ ಪಾಪ್‌ಅಪ್ ನಿಲ್ಲುತ್ತಿಲ್ಲ

ಎರಡು ವಾರ ಬಿಟ್ಟು ಮಾವ ಮತ್ತೆ ಫೋನ್ ಮಾಡಿದರು. ಈ ಸಲ ಉಲ್ಟಾ. "ವೈರಸ್ ಬಂದಿದೆ ಅಂತ ಐದೈದು ನಿಮಿಷಕ್ಕೆ ಬರ್ತಿದೆ ಕಣೋ. ನೀನು ಹೇಳಿದ ಹಾಗೇ ಬ್ಲಾಕರ್ ಆನ್ ಇದೆ." ಪರದೆಯ ಬಲಕೆಳಗಿನ ಮೂಲೆಯಲ್ಲಿ ಬರುತ್ತಿದೆಯಾ ಅಂತ ಕೇಳಿದೆ. ಹೌದು ಅಂದರು.

ಅದು ಪಾಪ್‌ಅಪ್ ಅಲ್ಲವೇ ಅಲ್ಲ, ನೋಟಿಫಿಕೇಶನ್. ಇವತ್ತು ಜನ ಪಾಪ್‌ಅಪ್ ಕಾಟ ಅನ್ನುವುದರಲ್ಲಿ ದೊಡ್ಡ ಪಾಲು ಇದೇ. ಯಾವುದೋ ಸೈಟ್ "ನೀವು ರೋಬೋಟ್ ಅಲ್ಲ ಅಂತ ತೋರಿಸಲು ಅಲೋ ಒತ್ತಿ" ಅಂದಿರುತ್ತದೆ, ನಾವು ಒತ್ತಿರುತ್ತೇವೆ. ಅಲ್ಲಿಂದ ಆ ಸೈಟಿಗೆ ನಮ್ಮ ಪರದೆಯ ಮೇಲೆ ಚೀಟಿ ಅಂಟಿಸುವ ಹಕ್ಕು ಸಿಕ್ಕಿತು. ಸೈಟ್ ಮುಚ್ಚಿದರೂ ಬರುತ್ತಲೇ ಇರುತ್ತದೆ. ಪಾಪ್‌ಅಪ್ ಬ್ಲಾಕರ್‌ಗೂ ಇದಕ್ಕೂ ಸಂಬಂಧವಿಲ್ಲ.

ನಿಲ್ಲಿಸುವುದು ಹೀಗೆ. ಮೊದಲು ಆ ಚೀಟಿಯನ್ನೇ ನೋಡಿ, ಸೈಟಿನ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ. ಆಮೇಲೆ ಕ್ರೋಮ್‌ನ ಅದೇ "ಸೈಟ್ ಸೆಟ್ಟಿಂಗ್ಸ್"ಗೆ ಹೋಗಿ "ನೋಟಿಫಿಕೇಶನ್ಸ್" ತೆರೆಯಿರಿ. ಅನುಮತಿ ಇರುವ ಸೈಟ್‌ಗಳ ಪಟ್ಟಿ ಅಲ್ಲಿದೆ. ಬೇಡದ ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ "ಬ್ಲಾಕ್" ಆರಿಸಿ. ಪಕ್ಕದಲ್ಲೇ "ರಿಮೂವ್" ಕೂಡ ಇದೆ, ಆದರೆ ಅದನ್ನು ಮಾಡಿದರೆ ಆ ಸೈಟ್ ಮುಂದೆ ಮತ್ತೆ ಅನುಮತಿ ಕೇಳಬಹುದು. ಬ್ಲಾಕ್ ಮಾಡಿದರೆ ಕೇಳುವುದೂ ಇಲ್ಲ. ಆಂಡ್ರಾಯ್ಡ್‌ನ ಹೊಸ ಕ್ರೋಮ್‌ನಲ್ಲಿ ನೋಟಿಫಿಕೇಶನ್ ಮೇಲೆಯೇ "ಅನ್‌ಸಬ್‌ಸ್ಕ್ರೈಬ್" ಎಂಬ ಬಟನ್ ಇರುತ್ತದೆ, ಒಂದೇ ಒತ್ತಿಗೆ ಮುಗಿಯುತ್ತದೆ.

ನೋಟಿಫಿಕೇಶನ್ ಅಲ್ಲದಿದ್ದರೆ ಮತ್ತೇನು? ಪುಟದ ನಡುವೆ ಪರದೆ ಕಪ್ಪಾಗಿ "ನಮ್ಮ ಆ್ಯಪ್ ಹಾಕಿಕೊಳ್ಳಿ", "ಇಮೇಲ್ ಕೊಡಿ" ಅಂತ ಪೆಟ್ಟಿಗೆ ಬರುತ್ತದಲ್ಲ, ಅದು ಆ ಪುಟದ್ದೇ ಭಾಗ, ಹೊಸ ಕಿಟಕಿಯಲ್ಲ. ಬ್ಲಾಕರ್ ಅದನ್ನು ಮುಟ್ಟುವುದಿಲ್ಲ. ಮೂಲೆಯ ಗುಣಾಕಾರ ಗುರುತು ಹುಡುಕಿ ಮುಚ್ಚುವುದು, ಇಲ್ಲವೇ ಎಕ್ಸ್‌ಟೆನ್ಷನ್ ಹಾಕಿಕೊಳ್ಳುವುದು, ಅಷ್ಟೇ.

ಫೋನಿನಲ್ಲಿ ಬ್ರೌಸರ್ ತೆರೆಯದಿದ್ದಾಗಲೂ ಜಾಹೀರಾತು ಬಂದರೆ ಅದು ಯಾವುದೋ ಆ್ಯಪ್‌ನ ಕೆಲಸ. ಟಾರ್ಚ್, ವಾಲ್‌ಪೇಪರ್, ಫೋನ್ ಕ್ಲೀನರ್, ಇಂಥವುಗಳ ಮೇಲೆ ನನ್ನ ಮೊದಲ ಅನುಮಾನ. ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ "ಡಿಸ್‌ಪ್ಲೇ ಓವರ್ ಅದರ್ ಆ್ಯಪ್ಸ್" ಹುಡುಕಿ. ಕೆಲವು ಫೋನ್‌ಗಳಲ್ಲಿ ಅದರ ಹೆಸರು "ಅಪಿಯರ್ ಆನ್ ಟಾಪ್". ಬೇರೆ ಆ್ಯಪ್‌ಗಳ ಮೇಲೆ ಬಂದು ಕೂರುವ ಅನುಮತಿ ಯಾರಿಗೆಲ್ಲ ಇದೆ ಅಂತ ಅಲ್ಲಿ ಕಾಣುತ್ತದೆ. ಇತ್ತೀಚೆಗೆ ಹಾಕಿದ, ಪರಿಚಯವಿಲ್ಲದ ಆ್ಯಪ್‌ಗೆ ಆ ಅನುಮತಿ ಇದ್ದರೆ ತೆಗೆಯಿರಿ. ಆ್ಯಪನ್ನೇ ಅಳಿಸಿದರೆ ಇನ್ನೂ ಒಳ್ಳೆಯದು.

ಪರದೆ ತುಂಬ ಕೆಂಪು ಪುಟ ಬಂದರೆ

"ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರ್‌ಗೆ ಕರೆ ಮಾಡಿ" ಅನ್ನುವ ಪುಟ ಕೂಗುತ್ತಾ ಬರುತ್ತದೆ. ಮೌಸ್ ಒತ್ತಿದರೂ ಹೋಗುವುದಿಲ್ಲ. ಅದು ಬರೀ ಒಂದು ವೆಬ್ ಪುಟ, ಫುಲ್ ಸ್ಕ್ರೀನ್ ಆಗಿ ಹೆದರಿಸುತ್ತಿದೆ ಅಷ್ಟೇ. ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ, ಮೇಲಿನ ಟ್ಯಾಬ್‌ಗಳು ಕಾಣುತ್ತವೆ, ಮುಚ್ಚಿ. ಆಗದಿದ್ದರೆ ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ, ಅದರಲ್ಲಿ ಬ್ರೌಸರ್ ಆರಿಸಿ "ಎಂಡ್ ಟಾಸ್ಕ್" ಕೊಡಿ. ಮ್ಯಾಕ್‌ನಲ್ಲಿ ಕಮಾಂಡ್, ಆಪ್ಷನ್, ಎಸ್ಕೇಪ್. ಮತ್ತೆ ತೆರೆದಾಗ "ಹಳೆಯ ಪುಟಗಳನ್ನು ತರಲಾ?" ಅಂತ ಬ್ರೌಸರ್ ಕೇಳಿದರೆ ಬೇಡ ಅನ್ನಿ.

ಆ ನಂಬರ್‌ಗೆ ಮಾತ್ರ ಕರೆ ಮಾಡಬೇಡಿ. ಮಾಡಿ, ದುಡ್ಡು ಹೋಗಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಸೈಬರ್ ವಂಚನೆಗೆಂದೇ ಇರುವ ಸಹಾಯವಾಣಿ ಅದು. ಬೇಗ ತಿಳಿಸಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ.

ಪಟ್ಟಿ ಗುಡಿಸುವುದು

ಅನುಮತಿ ಕೊಟ್ಟ ಸೈಟ್‌ಗಳು ಪಟ್ಟಿಯಲ್ಲಿ ಉಳಿದುಬಿಡುತ್ತವೆ. ಮೂರ್ನಾಲ್ಕು ತಿಂಗಳಿಗೊಮ್ಮೆ ಪಾಪ್‌ಅಪ್ ಪಟ್ಟಿ, ನೋಟಿಫಿಕೇಶನ್ ಪಟ್ಟಿ ಎರಡನ್ನೂ ತೆರೆದು ನೋಡಿ. ಐದು ನಿಮಿಷ ಸಾಕು.

ಮಾವನ ನೋಟಿಫಿಕೇಶನ್ ಪಟ್ಟಿಯನ್ನು ಫೋನಿನಲ್ಲೇ ಓದಿಸಿದೆ. ಒಟ್ಟು ಹದಿನಾಲ್ಕು ಹೆಸರು. ಒಂದೊಂದನ್ನೂ ಅಕ್ಷರ ಅಕ್ಷರ ಬಿಡಿಸಿ ಓದುತ್ತಾ ಹೋದರು. ಪ್ರತಿ ಹೆಸರಿಗೂ ನಾನು "ಇದು ಯಾವ್ದು ಮಾವ?" ಅನ್ನುವುದು, ಅವರು "ಯಾರಿಗೊತ್ತೋ" ಅನ್ನುವುದು. ಹನ್ನೆರಡನ್ನು ಬ್ಲಾಕ್ ಮಾಡಿಸಿದೆ. ಒಂದು ಅವರು ದಿನಾ ಓದುವ ಪೇಪರಿನದ್ದು, ಉಳಿಸಿಕೊಂಡೆವು. ಇನ್ನೊಂದು ಹೆಸರು ಓದಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ರಮ್ಮಿ ಆಟದ್ದು, ನಿಮ್ಮತ್ತೆಗೆ ಹೇಳಬೇಡ" ಅಂದರು.